ಕೂಡಿ ಕಲಿಯುವ ವಿಜ್ಞಾನ

'ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ' ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆದರೆ ತರಗತಿಯಲ್ಲಿ ಮಾತ್ರ ಪಕ್ಕದವರಿಗೆ ಕಾಣದಂತೆ ಪುಸ್ತಕಕ್ಕೆ ಕೈ ಅಡ್ಡ ಹಿಡಿಯುತ್ತೇವೆ. ವಿಜ್ಞಾನ ಕಲಿಯುವವರಿಗೆ ಈ ಅಭ್ಯಾಸ ತಕ್ಕುದಲ್ಲವೆಂಬುದು ಹತ್ತನೆಯ ತರಗತಿಯವರಾದ ನಮ್ಮ ಅಭಿಪ್ರಾಯ.

ಸರಳ ಲೋಲಕದ ಪ್ರಯೋಗವನ್ನೇ ನೋಡೋಣ. ಗುಂಡನ್ನು ಬಿಡಲು ಒಬ್ಬರು, ಎಣಿಸಲು ಒಬ್ಬರು, ಗಡಿಯಾರ ನೋಡಲು ಒಬ್ಬರು, ಬರೆದುಕೊಳ್ಳಲು ಒಬ್ಬರು ಬೇಕು. ಲೋಲಕದ ಉದ್ದ 100 ಸೆಂಟಿಮೀಟರ್ ಇದ್ದರೆ 20 ಆಂದೋಲನಗಳಿಗೆ ಸುಮಾರು 40 ಸೆಕೆಂಡು ಹಿಡಿಯುತ್ತದೆ. ನಮ್ಮದೊಂದು ಗುಂಪಿಗೆ 20 ಸೆಕೆಂಡೇ ಬಂತು! ಪಕ್ಕದ ಗುಂಪಿನ ಲೆಕ್ಕದೊಡನೆ ಹೋಲಿಸಿದಾಗ ತಪ್ಪು ತಿಳಿಯಿತು. ಗುಂಡು ಆಚೆ ಹೋದದ್ದನ್ನು ಒಂದು, ಈಚೆ ಬಂದದ್ದನ್ನು ಎರಡು ಎಂದು ಎಣಿಸಿದ್ದರು. 'ತೊಟ್ಟಿಲು ಆಚೆ ಹೋಗಿ ತಿರುಗಿ ಈಚೆ ಬಂದರೆ ಮಾತ್ರ ಒಂದು' ಎಂದು ಗೆಳತಿಯೊಬ್ಬಳು ತುಳುವಿನಲ್ಲಿ ವಿವರಿಸಿದಳು. ಎಣಿಸಿದವಳು, 'ಇಷ್ಟು ದಿನ ಕೇಳಲು ನಾಚಿಕೆಯಾಗಿತ್ತು' ಎಂದಳು.

ಕಾಸರಗೋಡಿನ ನಮ್ಮಲ್ಲಿ ಅನೇಕರು ಮನೆಯಲ್ಲಿ ತುಳು, ಕೊಂಕಣಿ, ಮಲಯಾಳ, ಮರಾಟಿ ಮಾತಾಡಿ ಶಾಲೆಯಲ್ಲಿ ಕನ್ನಡದಲ್ಲಿ ಓದುವವರು. 'ಆಂದೋಲನ'ದಂತಹ ಶಬ್ದ ತಲೆಗೆ ಹತ್ತದಿದ್ದಾಗ ಗೆಳೆಯರ ಮಾತೇ ದಾರಿ ತೋರುತ್ತದೆ. ಆ ಮೇಲೆ ಪುಸ್ತಕದ ಶಬ್ದವೂ ನಮ್ಮದಾಗುತ್ತದೆ.

ದಾರವನ್ನು 25 ಸೆಂಟಿಮೀಟರಿಗೆ ಇಳಿಸಿದಾಗ, 'ಉದ್ದ ಕಾಲುಭಾಗವಾಯಿತು, ಸಮಯವೂ ಕಾಲುಭಾಗ, ಅಂದರೆ 10 ಸೆಕೆಂಡು' ಎಂದು ಒಬ್ಬ ವಾದಿಸಿದ. ಅಳೆದಾಗ ಬಂದದ್ದು ಅರ್ಧ, ಅಂದರೆ 20 ಸೆಕೆಂಡು. ವಾದಿಸಿ ಸೋತವನು ಆ ಪಾಠವನ್ನು ಮರೆಯಲಾರ.

ಗುಂಪಿನಲ್ಲಿ ಸೋಮಾರಿಗಳು ನಕಲು ಮಾಡುತ್ತಾರೆ, ಜಾಣರ ಹೊತ್ತು ಹಾಳಾಗುತ್ತದೆ ಎಂದು ಕೆಲವು ಹೆತ್ತವರು ಹೇಳುವುದುಂಟು. ಮೊದಲನೆಯ ಮಾತು ಸುಳ್ಳಲ್ಲ. ಅದಕ್ಕಾಗಿ ಕೆಲಸಗಳು ಸರದಿಯಂತೆ ಬದಲಾಗಬೇಕು. ತೀರ್ಮಾನವನ್ನು ಪ್ರತಿಯೊಬ್ಬರೂ ಸ್ವಂತ ಮಾತಿನಲ್ಲಿ ಬರೆಯಬೇಕು. ಹುಡುಗರು ಉಪಕರಣ ಹಿಡಿಯುವುದು, ಹುಡುಗಿಯರು ಬರೆದುಕೊಳ್ಳುವುದು ಎಂಬ ಪದ್ಧತಿಯೂ ಹೋಗಬೇಕು. ಎರಡನೆಯ ಮಾತನ್ನು ಮಾತ್ರ ನಾವು ಒಪ್ಪೆವು. ಇನ್ನೊಬ್ಬರಿಗೆ ವಿವರಿಸಲು ಹೊರಟಾಗಲೇ ನಮಗೆಷ್ಟು ತಿಳಿದಿದೆಯೆಂಬುದು ನಮಗೆ ಗೊತ್ತಾಗುವುದು.

1928ರಲ್ಲಿ ರಾಮನ್ ಪರಿಣಾಮವನ್ನು ಲೋಕಕ್ಕೆ ತಿಳಿಸಿದ ಲೇಖನದಲ್ಲಿ ಸಿ.ವಿ. ರಾಮನ್ ಅವರ ಹೆಸರಿನೊಂದಿಗೆ ಕೆ.ಎಸ್. ಕೃಷ್ಣನ್ ಅವರ ಹೆಸರೂ ಇದೆ. ಅಂತಹ ಹಿರಿಯರೇ ಕೂಡಿ ದುಡಿದಿರುವಾಗ ನಮಗೇಕೆ ಸಂಕೋಚ?

ಹೆತ್ತವರಲ್ಲಿ ನಮ್ಮದೊಂದು ವಿನಂತಿ. 'ಎಷ್ಟು ಅಂಕ ಬಂತು?' ಎಂದು ಕೇಳುವಾಗ, 'ಇವತ್ತು ಯಾರಿಗೆ ಏನು ಹೇಳಿಕೊಟ್ಟೆ? ಯಾರಿಂದ ಏನು ಕಲಿತೆ?' ಎಂದೂ ಕೇಳಿರಿ.