ಇಲ್ಲದ ನೆಲದ ಪ್ರತಿಬಿಂಬ

ಮಯನು ಕಟ್ಟಿದ ಸಭೆಯಲ್ಲಿ ದುರ್ಯೋಧನನು ಸ್ಫಟಿಕದ ನೆಲವನ್ನು ನೀರೆಂದು ಭ್ರಮಿಸಿ ಉಟ್ಟ ಬಟ್ಟೆಯನ್ನು ಮೇಲೆತ್ತಿಕೊಂಡನು. ಬಳಿಕ ನೀರನ್ನೇ ನೆಲವೆಂದು ನಂಬಿ ಕಾಲಿಟ್ಟು ಬಿದ್ದನು. ಅಂತಹ ಅರಸನನ್ನು ಕೆಡವಿದ ವಿದ್ಯೆ ಇಂದು ನಮ್ಮ ಬೀದಿಯ ಹುಡುಗರ ಕೈಗೆ ಬಂದಿದೆ. ಮಯನಿಗೆ ಸ್ಫಟಿಕವಾದರೂ ಬೇಕಾಗಿತ್ತು. ಇವರಿಗೆ ಅದೂ ಬೇಡ, ಒಂದು ಕಂಪ್ಯೂಟರು ಸಾಕು.

ನೆರೆಮನೆಯ ತರುಣನೊಬ್ಬನು ತನ್ನ ತಾತನ ವರ್ಷಾಂತಿಕದ ದಿನ ಬಂಧುಗಳಿಗೆ ತೋರಿಸಲೆಂದು ಸಣ್ಣದೊಂದು ಚಿತ್ರವನ್ನು ಸಿದ್ಧಪಡಿಸಿದ್ದನು. ಕತ್ತಲೆಯಲ್ಲಿ ಮೇಲಿನಿಂದ ಇಳಿದುಬರುವ ತಾತನ ಭಾವಚಿತ್ರ ಕನ್ನಡಿಯಂತಹ ನೆಲದ ಮೇಲೆ ನಿಲ್ಲಬೇಕು. ಅದರ ಪ್ರತಿಬಿಂಬ ಕೆಳಗೆ ಹೊಳೆಯಬೇಕು. “ಏನೋ ಸರಿಯಿಲ್ಲ ಸಾರ್, ಏನೆಂದು ತಿಳಿಯದು” ಎಂದು ನನ್ನನ್ನು ಕರೆದೊಯ್ದನು.

ಇದರ ಉಪಾಯ ಬಹಳ ಸರಳವಾದುದು. 1993ರಲ್ಲಿ ಹೊರಬಂದ ಆಫ್ಟರ್ ಎಫೆಕ್ಟ್ಸ್ ಎಂಬ ತಂತ್ರಾಂಶದಲ್ಲಿ ಚಿತ್ರದ ಪದರವನ್ನು ಎರಡು ಮಾಡಿ, ಎರಡನೆಯದರ ಎತ್ತರದ ಅಳತೆಯನ್ನು ಋಣ 100 ಎಂದು ಬದಲಿಸಿದರೆ ಅದು ತಲೆಕೆಳಗಾಗುತ್ತದೆ. ಅದನ್ನು ಮೂಲದ ಕೆಳ ಅಂಚಿಗೆ ಸೇರಿಸಿ, ಮಸುಕುಗೊಳಿಸಿ, ಕೆಳಕೆಳಗೆ ಹೋದಂತೆ ಕರಗಿಸಿಬಿಟ್ಟರೆ ಮುಗಿಯಿತು. ಆಪಲ್ ಸಂಸ್ಥೆಯು 2006ರಲ್ಲಿ ಐಟ್ಯೂನ್ಸಿನ ಹಾಡಿನ ಮುಖಪುಟಗಳಿಗೂ, 2007ರಲ್ಲಿ ತನ್ನ ಕಂಪ್ಯೂಟರಿನ ಡಾಕ್ ಪಟ್ಟಿಗೂ ಇದೇ ಹೊಳಪನ್ನು ಕೊಟ್ಟಿತು. ಆ ಕಾಲದಲ್ಲಿ ಜಾಹೀರಾತಿನ ಸೋಪಿಗೂ ಕಾಲಕೆಳಗೆ ಕನ್ನಡಿ ಬೇಕಾಯಿತು! 2014ರಲ್ಲಿ ಅವರೇ ಡಾಕಿನ ಪಟ್ಟಿಯನ್ನು ಮತ್ತೆ ಚಪ್ಪಟೆ ಮಾಡಿದರು.

ತರುಣನ ತಪ್ಪು ಇದ್ದುದು ಚಲನೆಯಲ್ಲಿ. ಅವನು ಪ್ರತಿಬಿಂಬವನ್ನು ಮೂಲಚಿತ್ರಕ್ಕೆ ಕಟ್ಟಿಹಾಕಿದ್ದನು. ಆದುದರಿಂದ ತಾತನ ಚಿತ್ರ ಮೇಲಿನಿಂದ ಇಳಿದಾಗ ಪ್ರತಿಬಿಂಬವೂ ಬಾಲದಂತೆ ಜೊತೆಯಲ್ಲೇ ಇಳಿಯುತ್ತಿತ್ತು. ನಿಜವಾದ ನೆಲದಲ್ಲಿ ಹಾಗಾಗುವುದುಂಟೆ? ವಸ್ತು ನೆಲದಿಂದ ಒಂದು ಗೇಣು ಮೇಲಿದ್ದರೆ ಬಿಂಬವು ಒಂದು ಗೇಣು ಕೆಳಗಿರಬೇಕು. ಇದು ಇಳಿದಂತೆ ಅದು ಏರಿಬಂದು ನೆಲದ ಗೆರೆಯಲ್ಲಿ ಎರಡೂ ಕೂಡಬೇಕು. ಮೊದಲು ಚಲನೆಯನ್ನೆಲ್ಲ ಒಂದೇ ಗಂಟಾಗಿ ಕಟ್ಟಿ, ಆ ಗಂಟಿನ ಪ್ರತಿಯನ್ನು ನೆಲದ ಗೆರೆಯನ್ನೇ ಅಚ್ಚಾಗಿ ಹಿಡಿದು ಮಗುಚಿದರೆ ಲೆಕ್ಕ ತಾನಾಗಿಯೇ ಸರಿಹೋಗುತ್ತದೆ.

ಮಗುಚುವ ಈ ಉಪಾಯ ಚಪ್ಪಟೆಯಾದ ಪಟಕ್ಕೆ ಮಾತ್ರ ಸಲ್ಲುತ್ತದೆಂಬುದನ್ನೂ ಹೇಳಬೇಕು. ಮೇಜಿನ ಬಿಂಬದಲ್ಲಿ ಮೇಜಿನ ಅಡಿಭಾಗ ಕಾಣಬೇಕು. ಅದು ಮೇಲಿನಿಂದ ತೆಗೆದ ಛಾಯಾಚಿತ್ರದಲ್ಲಿ ಎಲ್ಲಿಂದ ಬರಬೇಕು?

ಇನ್ನು ಹೊಳಪಿನ ಮಾತು. ಬಾವಿಯೊಳಗೆ ನೇರವಾಗಿ ಇಣುಕಿದರೆ ನೀರು ಬೆಳಕಿನಲ್ಲಿ ನೂರಕ್ಕೆ ಸುಮಾರು 2 ಪಾಲನ್ನಷ್ಟೇ ಹಿಂದಿರುಗಿಸುತ್ತದೆ. ಕೆರೆಯ ದಡದಲ್ಲಿ ಕುಳಿತು ಓರೆಯಾಗಿ ನೋಡಿದರೆ ಆಚೆದಡದ ಮರಗಳೆಲ್ಲ ಅದರಲ್ಲಿ ನಿಲ್ಲುತ್ತವೆ. ಉಜ್ಜಿ ಉಜ್ಜಿ ಮಿರುಗುವ ಹಳೆಯ ಮನೆಯ ಕೆಂಪು ನೆಲವನ್ನು ನೋಡಿ: ಕುರ್ಚಿಯ ಕಾಲು ತಗುಲಿದೆಡೆ ಬಿಂಬ ಸ್ಪಷ್ಟ, ಮೇಲಿನ ಆಸನ ಬರಿಯ ಮಬ್ಬು. ಆದುದರಿಂದ ಬಿಂಬವನ್ನು ಕರಗಿಸುವುದಷ್ಟೇ ಸಾಲದು, ದೂರ ಹೋದಂತೆ ಕದಡಬೇಕು.

ಇಷ್ಟನ್ನೂ ತಿದ್ದಿ ಸಂತೋಷಪಡುತ್ತಿದ್ದೆವು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಜ್ಜಿ, “ಅವರನ್ನೇಕೆ ತಲೆಕೆಳಗಾಗಿ ನಿಲ್ಲಿಸಿದ್ದೀಯಪ್ಪ?” ಎಂದರು.

ನಮ್ಮಿಬ್ಬರ ಬಾಯಿಯೂ ಕಟ್ಟಿತು. ಬೆಳಕಿನ ನಿಯಮವನ್ನು ಹೇಳಿ ಆಕೆಯನ್ನು ಒಪ್ಪಿಸಬಹುದಾಗಿತ್ತೇನೋ, ನನಗೆ ಮನಸ್ಸಾಗಲಿಲ್ಲ. ಪ್ರತಿಬಿಂಬವನ್ನೇ ಅಳಿಸಿಬಿಡುವೆನೆಂದು ಹುಡುಗನು ಕೈಚಾಚಿದನು. ಅದೂ ಬೇಡ, ಕರಗುವ ಗೆರೆಯನ್ನು ಮೇಲಕ್ಕೆ ತಾ ಎಂದೆನು. ತಾತ ಸ್ಟುಡಿಯೋದಲ್ಲಿ ನಿಂತು ತೆಗೆಸಿದ ಕಪ್ಪುಬಿಳುಪು ಪಟ ಅದು. ಮುಖ, ಎದೆ, ಕೈ ಎಲ್ಲವೂ ಕತ್ತಲೆಯಲ್ಲಿ ಕರಗಿದವು. ಪಾದಗಳೂ ಪಂಚೆಯ ಅಂಚೂ ಮಾತ್ರ ನೆಲದಲ್ಲಿ ಉಳಿದವು.

ಅಜ್ಜಿ ಹತ್ತಿರ ಬಂದು ಬಹಳ ಹೊತ್ತು ನೋಡಿದರು.

“ಆ ಅಂಚು ಹಸಿರು ಕಣೋ” ಎಂದು ಮೊಮ್ಮಗನಿಗೆ ಹೇಳಿ ಒಳಗೆ ಹೋದರು.