ಸಹಿಯ ಬೆನ್ನಿಗೊಂದು ಸಾಲು

ಠಾಣೆಯ ಘೋಡಬಂದರ್ ರಸ್ತೆಯ ಇಕ್ಕೆಲಗಳಲ್ಲಿ ಹಿಂದೆ ಕಾರ್ಖಾನೆಗಳೂ ಬಯಲುಗಳೂ ಇದ್ದ ಎಡೆಯಲ್ಲಿ ಈಗ ಬಹುಮಹಡಿಯ ವಸತಿ ಸಂಕೀರ್ಣಗಳೆದ್ದು, ಡೊಂಬಿವಲಿ ಕಲ್ಯಾಣಗಳ ಹಳೆಯ ಕಟ್ಟಡಗಳಿಂದಲೂ ಠಾಣೆಯ ಚಾಳುಗಳಿಂದಲೂ ನಮ್ಮ ಕನ್ನಡಿಗರ ಸಂಸಾರಗಳು ಒಂದೊಂದಾಗಿ ಇಲ್ಲಿಗೆ ಬಂದು ನೆಲೆಗೊಳ್ಳುತ್ತಿರುವಾಗ, ಆ ಸ್ಥಳಾಂತರದ ಗಡಿಬಿಡಿಯಲ್ಲಿಯೂ ತಾಮ್ರದ ಹಂಡೆ, ದೇವರ ಮಂಟಪಗಳು ಜೋಪಾನವಾಗಿ ಟೆಂಪೋ ಏರುತ್ತವೆ. ಆದರೆ ಟ್ರಂಕಿನ ತಳದಲ್ಲಿ ಅರ್ಧ ಶತಮಾನ ಮಲಗಿದ್ದ, ಗುಲಾಬಿ, ಹಳದಿ, ತಿಳಿನೀಲಿ ಹಾಳೆಗಳ ಪುಟ್ಟ ಆಟೋಗ್ರಾಫ್ ಪುಸ್ತಕ ಮಾತ್ರ ಹಳೆಯ ಪತ್ರಿಕೆಗಳ ಕಟ್ಟಿನೊಡನೆ ರದ್ದಿಯವನ ತಕ್ಕಡಿಯನ್ನು ಸೇರುತ್ತದೆ. ಅದರೊಳಗೆ ಯಾರ ಹಸ್ತಾಕ್ಷರಗಳಿದ್ದುವೆಂದು ಹೇಳಬಲ್ಲವರು ಎಷ್ಟೋ ಮನೆಗಳಲ್ಲಿ ಉಳಿದಿಲ್ಲ. ಉಳಿದಿದ್ದರೂ ಅವರನ್ನು ಕೂರಿಸಿಕೊಂಡು ಕೇಳುವ ವ್ಯವಧಾನ ಕಿರಿಯರಿಗಿಲ್ಲ. ಈ ನಷ್ಟ ಅಲ್ಪವಲ್ಲವೆಂಬುದೂ, ಅದನ್ನು ತಡೆಯುವ ಉಪಾಯ ನಮ್ಮ ಕೈಯಲ್ಲಿಯೇ ಇದೆಯೆಂಬುದೂ ನನ್ನ ದೃಢವಾದ ಅಭಿಪ್ರಾಯ.

ಕ್ರೀಡಾಪಟುಗಳ ಸಹಿಯನ್ನೂ ಅವರು ತೊಟ್ಟ, ಬಳಸಿದ ವಸ್ತುಗಳನ್ನೂ ಕೂಡಿಡುವ ಅಭಿರುಚಿ ಇಂದು ಜಗತ್ತಿನಲ್ಲಿ ದೊಡ್ಡ ವಾಣಿಜ್ಯವಾಗಿ ಬೆಳೆದಿದೆ. 2020ರ ಜನವರಿಯಲ್ಲಿ, ಆಸ್ಟ್ರೇಲಿಯದ ಕಾಳ್ಗಿಚ್ಚಿನಲ್ಲಿ ನೊಂದವರ ನೆರವಿಗೆಂದು ಶೇನ್ ವಾರ್ನ್ ಹರಾಜಿಗಿಟ್ಟ ತಮ್ಮ ಹಸಿರು ಟೆಸ್ಟ್ ಟೋಪಿಯು ಹತ್ತು ಲಕ್ಷ ಆಸ್ಟ್ರೇಲಿಯನ್ ಡಾಲರಿಗೂ ಮಿಗಿಲಾದ ಬೆಲೆಗೆ ಹೋಯಿತು. ಬೆಲೆ ಏರಿದೆಡೆಗೆ ವಂಚನೆಯೂ ಬರುವುದು ಸಹಜ. ಅಮೆರಿಕದ ಎಫ್‌ಬಿಐ 1990ರ ದಶಕದ ಉತ್ತರಾರ್ಧದಲ್ಲಿ ‘ಆಪರೇಷನ್ ಬುಲ್‌ಪೆನ್’ ಎಂಬ ಹೆಸರಿನಲ್ಲಿ ಕೈಗೊಂಡ ತನಿಖೆಯಲ್ಲಿ ಖೋಟಾ ಸಹಿಗಳ ಒಂದು ಜಾಲವೇ ಬಯಲಾಗಿ, ಬೇಸ್‌ಬಾಲ್ ಚೆಂಡಿನ ಮೇಲೆ ಮದರ್ ತೆರೇಸಾ ಅವರ ಸಹಿಯನ್ನೂ ಗೀಚಿ ಮಾರಾಟಕ್ಕಿಟ್ಟಿದ್ದುದು ಕಂಡುಬಂದಿತು. ಇದನ್ನೆಲ್ಲ ಕಂಡು ಸಂಗ್ರಹವೆಂದರೆ ಹಣವಂತರ ಹೂಡಿಕೆಯೆಂದು ಭಾವಿಸಿ ದೂರ ಸರಿಯುವವರುಂಟು. ಅವರ ಶಂಕೆ ನ್ಯಾಯವಾದುದೇ ಆದರೂ ಅವರ ನಿರ್ಣಯ ಸರಿಯಲ್ಲ. ಏಕೆಂದರೆ ನಿಜವಾದ ಸಂಗ್ರಹಕ್ಕೆ ಬೇಕಾದ ಬಂಡವಾಳ ಹಣವಲ್ಲ, ಸಾಕ್ಷ್ಯ; ಆ ಸಾಕ್ಷ್ಯವು ಹರಾಜಿನ ಮಂಟಪಗಳಿಗಿಂತ ಸಾಧಾರಣ ಮನೆಗಳಲ್ಲಿಯೇ ಹೆಚ್ಚು ಶುದ್ಧವಾಗಿ ಉಳಿದಿದೆ.

ಸಹಿಯನ್ನು ಪರೀಕ್ಷಿಸುವ ವಿದ್ಯೆ ನಮ್ಮವರಿಗೆ ಹೊಸದೇನೂ ಅಲ್ಲ. ಕರಾವಳಿಯಲ್ಲಿ ಹುಟ್ಟಿದ ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಬ್ಯಾಂಕುಗಳ ಮುಂಬಯಿ ಶಾಖೆಗಳಿಗೆ ಪ್ರತಿನಿತ್ಯ ಡೊಂಬಿವಲಿ, ಠಾಣೆಗಳಿಂದ ಲೋಕಲ್ ಹಿಡಿದು ಹೋಗುತ್ತಿದ್ದ ಒಂದು ತಲೆಮಾರಿನ ಕನ್ನಡಿಗರು, ಚೆಕ್ಕನ್ನು ಒಂದು ಕೈಯಲ್ಲಿಯೂ ನಮೂನೆ ಸಹಿಯ ಕಾರ್ಡನ್ನು ಇನ್ನೊಂದು ಕೈಯಲ್ಲಿಯೂ ಹಿಡಿದು, ಕ್ಷಣಾರ್ಧದಲ್ಲಿ ಹೊಂದಿತು, ಹೊಂದಲಿಲ್ಲ ಎಂದು ನಿರ್ಧರಿಸುತ್ತಲೇ ಆಯುಷ್ಯದ ಅರ್ಧವನ್ನು ಕಳೆದವರು. ಅಂತಹ ನಿವೃತ್ತರಲ್ಲೊಬ್ಬರು, ನಮ್ಮ ಸಂಕೀರ್ಣದ ಹಿರಿಯರು, ನನಗೆ ತಿಳಿಯಹೇಳಿದ ಸೂಕ್ಷ್ಮಗಳು ಯಾವ ಸಂಗ್ರಾಹಕನಿಗೂ ಪಾಠವಾಗತಕ್ಕವು. ನಿಜವಾದ ಸಹಿ ವೇಗದಲ್ಲಿ ಹುಟ್ಟಿದುದಾದ್ದರಿಂದ ಅದರ ಗೆರೆ ಆರಂಭದಲ್ಲಿಯೂ ಅಂತ್ಯದಲ್ಲಿಯೂ ತೆಳುವಾಗುತ್ತ ಹೋಗುತ್ತದೆ; ನಕಲು ಮಾಡುವವನು ನಿಧಾನವಾಗಿ ಚಿತ್ರ ಬಿಡಿಸುವುದರಿಂದ ಅವನ ಗೆರೆ ಉದ್ದಕ್ಕೂ ಒಂದೇ ದಪ್ಪವಾಗಿ, ತಿರುವುಗಳಲ್ಲಿ ನಡುಗುತ್ತದೆ. ಒಬ್ಬನೇ ಮನುಷ್ಯ ಎರಡು ಸಲ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ರುಜು ಹಾಕಲಾರನಾದುದರಿಂದ, ಎರಡು ಸಹಿಗಳು ಸರ್ವಾಂಶದಲ್ಲಿ ಒಂದೇ ಆಗಿದ್ದರೆ ಅವುಗಳಲ್ಲೊಂದಾದರೂ ಕೃತಕವೆಂದು ತಿಳಿಯತಕ್ಕದ್ದು. ಪುಟ್ಟ ಬ್ಯಾಟುಗಳ ಮೇಲೆಯೂ ಸ್ಮರಣ ಸಂಚಿಕೆಗಳಲ್ಲಿಯೂ ಕಾಣುವ ತಂಡದ ಸಹಿಗಳು ಬಹುಮಟ್ಟಿಗೆ ಅಚ್ಚಾದವು. ಭೂತಗನ್ನಡಿಯಡಿ ಹಿಡಿದರೆ ಅಚ್ಚಿನ ಚುಕ್ಕೆಗಳೇ ಅನೇಕ ವೇಳೆ ಹೊರಬೀಳುತ್ತವೆ. ಬಾಲ್‌ಪೆನ್ನಿನ ಸಹಿಯಾದರೋ ಹಾಳೆಯ ಹಿಂಬದಿಯಲ್ಲಿ ಬೆರಳಾಡಿಸಿದಾಗ ತನ್ನ ಉಬ್ಬನ್ನು ತಾನೇ ತಿಳಿಸುತ್ತದೆ.

ಆ ಹಿರಿಯರ ಪುಸ್ತಕದ ಹಳದಿ ಹಾಳೆಯೊಂದರಲ್ಲಿ ಗುಂಡಪ್ಪ ವಿಶ್ವನಾಥರ ಸಹಿಯಿದೆ, ಅದರ ಹಿಂದೆ ಪೆನ್ಸಿಲಿನಲ್ಲಿ ಸಣ್ಣ ಅಕ್ಷರಗಳಲ್ಲಿ “ವಾಂಖೇಡೆ, ಜನವರಿ 1975. ಅಣ್ಣನ ಜೊತೆ ಹೋಗಿದ್ದೆ. 95 ಹೊಡೆದ ಮಾರನೆಯ ದಿನ” ಎಂದು ಬರೆದಿದೆ. ವಾಂಖೇಡೆ ಕ್ರೀಡಾಂಗಣದಲ್ಲಿ ನಡೆದ ಪ್ರಥಮ ಟೆಸ್ಟ್ ಅದು. ವೆಸ್ಟ್ ಇಂಡೀಸಿನ ಕ್ಲೈವ್ ಲಾಯ್ಡ್ ಔಟಾಗದೆ 242 ರನ್ ಗಳಿಸಿದ ಆಟ. ಲಾಯ್ಡರ ದ್ವಿಶತಕಕ್ಕೆ ಅಭಿನಂದನೆ ಹೇಳಲೆಂದು ಮೈದಾನಕ್ಕೆ ಓಡಿದ ತರುಣನೊಬ್ಬನನ್ನು ಪೊಲೀಸರು ಥಳಿಸಿದುದರಿಂದ ಪ್ರೇಕ್ಷಕರು ಕೆರಳಿ ದೊಂಬಿಯೆದ್ದ ಪಂದ್ಯವೂ ಅದೇ. ಇಂದಿನಂತೆ ಆಟವೊಂದೇ ಆಟಗಾರರ ಜೀವನೋಪಾಯವಾಗಿರದೆ, ವಾಡೇಕರರೂ ವಿಶ್ವನಾಥರೂ ಸ್ಟೇಟ್ ಬ್ಯಾಂಕಿನ ನೌಕರರಾಗಿದ್ದ ಕಾಲವದು. ಆಟಗಾರನಿಗೂ ಅಭಿಮಾನಿಗೂ ನಡುವಣ ದೂರ ಒಂದು ಬೇಲಿಯಷ್ಟೇ ಆಗಿದ್ದಿತು. ಪೆನ್ಸಿಲಿನ ಆ ಒಂದು ಸಾಲಿಲ್ಲದೆ ಹೋಗಿದ್ದರೆ ಹಳದಿ ಹಾಳೆಯ ಮೇಲೆ ಉಳಿಯುತ್ತಿದ್ದುದು ಒಂದು ಹೆಸರು ಮಾತ್ರ. ಆ ಸಾಲಿರುವುದರಿಂದ ಒಂದು ದಿನವೂ, ಒಬ್ಬ ಅಣ್ಣನೂ, ಒಂದು ಮಹಾನಗರದ ಉದ್ವೇಗವೂ ಅಲ್ಲಿ ಉಳಿದಿವೆ. ಸಹಿಯ ಬೆಲೆಯನ್ನು ಮಾರುಕಟ್ಟೆ ಕಟ್ಟಬಹುದು. ಅದು ಎಲ್ಲಿಂದ, ಯಾವಾಗ, ಯಾರ ಕೈಯಿಂದ ಬಂದಿತೆಂಬ ವೃತ್ತಾಂತವನ್ನು ಮನೆಯವರಲ್ಲದೆ ಇನ್ನಾರೂ ಬರೆದಿಡಲಾರರು.

ಈ ಅಭಿರುಚಿಯು ಕ್ರಿಕೆಟಿನ ಪುರುಷರಿಗೇ ಮೀಸಲಾಗಿ ಹೋದುದು ನನಗೆ ವ್ಯಥೆಯ ವಿಷಯ. 1980ರಲ್ಲಿ ಲೀಮ್ ಸ್ವೀ ಕಿಂಗರನ್ನು ಮಣಿಸಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪ್ರಶಸ್ತಿಯನ್ನು ಗೆದ್ದ ಪ್ರಕಾಶ್ ಪಡುಕೋಣೆಯವರ ಸಹಿ ಕೆಲವೆಡೆಯಾದರೂ ದೊರೆತೀತು. ಆದರೆ 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ಹಾಕಿ ತಂಡದಲ್ಲಿದ್ದ ಕೊಡಗಿನ ಎಂ.ಪಿ. ಗಣೇಶರ, 1975ರಲ್ಲಿ ವಿಶ್ವಕಪ್ ಗೆದ್ದ ತಂಡದ ಬಿ.ಪಿ. ಗೋವಿಂದರ ಸಹಿಯನ್ನು ಯಾರ ಮನೆಯಲ್ಲಿ ಹುಡುಕೋಣ? 1976ರಲ್ಲಿ ಭಾರತದ ಮಹಿಳೆಯರು ಪ್ರಥಮ ಟೆಸ್ಟ್ ಆಡಿದಾಗ ನಾಯಕಿಯಾಗಿದ್ದವರು ನಮ್ಮ ಶಾಂತಾ ರಂಗಸ್ವಾಮಿ; ಭಾರತದ ಮಹಿಳೆಯರಲ್ಲಿ ಮೊದಲ ಟೆಸ್ಟ್ ಶತಕ ಅವರದು. 2025ರ ನವೆಂಬರ್ 2ರಂದು ನೆರೂಳಿನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ನಮ್ಮ ಮಹಿಳೆಯರು ದಕ್ಷಿಣ ಆಫ್ರಿಕವನ್ನು ಸೋಲಿಸಿ ವಿಶ್ವಕಪ್ಪನ್ನು ಎತ್ತಿ ಹಿಡಿದ ವೈಭವಕ್ಕೆ ಅಡಿಪಾಯ ಹಾಕಿದವರು ಆ ತಲೆಮಾರಿನವರು. ಅವರ ಹಸ್ತಾಕ್ಷರಕ್ಕಾಗಿ ಆ ಕಾಲದಲ್ಲಿ ಕೈಚಾಚಿದವರು ಎಷ್ಟು ಮಂದಿಯೋ! ಇಂದಿನ ಬಾಲಿಕೆಯರು ಆಟಗಾರ್ತಿಯರ ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ, ತೆಗೆದುಕೊಳ್ಳಲಿ. ಜೊತೆಗೊಂದು ನೋಟುಪುಸ್ತಕವನ್ನೂ ಪೆನ್ನನ್ನೂ ಒಯ್ಯಿರೆಂದು ಅವರಿಗೆ ಹೇಳುವವರು ಬೇಕು.

ಹೀಗೆ ದೊರೆತುದನ್ನು ಕಾಪಾಡುವುದೂ ಒಂದು ಸಾಧನೆಯೇ. ನಮ್ಮ ಘೋಡಬಂದರ್ ರಸ್ತೆಗೆ ಒಂದೆಡೆ ಯೇವೂರಿನ ಬೆಟ್ಟ, ಇನ್ನೊಂದೆಡೆ ಕಡಲ ಖಾಡಿಯ ನೀರು, ನಡುವೆ ನಾಲ್ಕು ತಿಂಗಳ ಮಳೆ. ಇಂತಹ ಎಡೆಯಲ್ಲಿ ಕಾಗದಕ್ಕೆ ಬೂಸ್ಟು ಹಿಡಿಯಲು ಒಂದೇ ಮಳೆಗಾಲ ಸಾಕು. ಚೌಕಟ್ಟು ಹಾಕಿಸಿ ಬಿಸಿಲು ಬೀಳುವ ಗೋಡೆಗೆ ತೂಗುಹಾಕಿದ ಸಹಿ ಕೆಲವೇ ವರ್ಷಗಳಲ್ಲಿ ಮಾಸುತ್ತದೆ. ಸ್ಕೆಚ್‌ಪೆನ್ನಿನ ಬಣ್ಣವಂತೂ ಎಲ್ಲಕ್ಕಿಂತ ಬೇಗ ಹಾರಿಹೋಗುತ್ತದೆ. ಹರಿದೆಡೆಗೆ ಅಂಟಿಸಿದ ಸೆಲ್ಲೋಟೇಪು ಹಳದಿಗಟ್ಟಿ ಹಾಳೆಯನ್ನೇ ಕೆಡಿಸುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಲ್ಯಾಮಿನೇಷನ್ ಮಾಡಿಸುವವರಿಗೆ ಕೈಮುಗಿದು ಬೇಡಿಕೊಳ್ಳುತ್ತೇನೆ: ಅದನ್ನು ಮಾತ್ರ ಮಾಡಿಸಬೇಡಿ, ಬಿಸಿಯಿಂದ ಅಂಟಿಸಿದ ಪ್ಲಾಸ್ಟಿಕ್ಕನ್ನು ಬಿಡಿಸಹೋದರೆ ಕಾಗದವೂ ಅದರೊಡನೆ ಹರಿದುಬರುತ್ತದೆ.

ಮುಂಬಯಿಯಲ್ಲಿಯೂ ಅದರ ಉಪನಗರಗಳಲ್ಲಿಯೂ ಕನ್ನಡ ಸಂಘಗಳಿಗೆ ಕೊರತೆಯಿಲ್ಲ. ರಾಜ್ಯೋತ್ಸವ, ಯಕ್ಷಗಾನ, ಸನ್ಮಾನಗಳನ್ನು ಶ್ರದ್ಧೆಯಿಂದ ನಡೆಸುವ ಈ ಸಂಘಗಳು ತಮ್ಮ ವಾಚನಾಲಯದಲ್ಲಿ ಒಂದು ಕಬ್ಬಿಣದ ಕಪಾಟನ್ನು ಇದಕ್ಕೆಂದು ತೆರವುಮಾಡಿಕೊಟ್ಟು, ಮನೆ ಬದಲಿಸುವವರು ಬೇಡವೆನ್ನುವ ಆಟೋಗ್ರಾಫ್ ಪುಸ್ತಕಗಳನ್ನೂ ಸಹಿ ಮಾಡಿದ ಬ್ಯಾಟು, ಭಾವಚಿತ್ರ, ಪಂದ್ಯದ ಟಿಕೆಟುಗಳನ್ನೂ ಸ್ವೀಕರಿಸಿ, ಕೊಟ್ಟವರ ಬಾಯಿಂದ ಅವುಗಳ ಕಥೆಯನ್ನು ಕೇಳಿ ಒಂದು ರಿಜಿಸ್ಟರಿನಲ್ಲಿ ಬರೆದಿಡಬಾರದೇಕೆ? ಪರಿಶೀಲಿಸಿ ಸಲಹೆ ಕೊಡಲು ನಿವೃತ್ತ ಬ್ಯಾಂಕು ನೌಕರರು ಪ್ರತಿ ಸಂಘದಲ್ಲಿಯೂ ಇದ್ದಾರೆ. ಕೊಡಲು ಮನಸ್ಸಿಲ್ಲದವರು ಮನೆಯಲ್ಲಿಯೇ ಇಟ್ಟುಕೊಳ್ಳಲಿ. ಆದರೆ ಈ ಭಾನುವಾರವೇ ಪುಸ್ತಕವನ್ನು ಹೊರತೆಗೆದು, ಮನೆಯ ಹಿರಿಯರ ಮುಂದೆ ಒಂದೊಂದೇ ಹಾಳೆಯನ್ನು ತಿರುವಿ, ಊರು, ತಿಂಗಳು, ವರ್ಷ, ಜೊತೆಗಿದ್ದವರ ಹೆಸರುಗಳನ್ನು ಮೃದುವಾದ ಪೆನ್ಸಿಲಿನಿಂದ, ಒತ್ತದೆ, ಹಿಂಬದಿಯಲ್ಲಿ ಬರೆದಿಡಲಿ.