ಕಾಲಾಳು ಪಡೆಗೆ ಹೆಣ್ಣುಮಕ್ಕಳು ಬೇಕೇ?

ಪರ: ಸೇಡಂ ಕಡೆಯ ಶಾಲಾ ಶಿಕ್ಷಕಿ

ಮಹಿಳಾ ಅಧಿಕಾರಿಗಳಿಗೂ ಕಾಯಂ ಕಮಿಷನ್ ಕೊಡಿ ಎಂದು 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಮೊಕದ್ದಮೆಯಲ್ಲಿ ಸರ್ಕಾರ ಏನು ವಾದಿಸಿತ್ತು? ಹಳ್ಳಿಗಾಡಿನಿಂದ ಬಂದ ಜವಾನರು ಹೆಣ್ಣಿನ ಹುಕುಂ ಕೇಳಲು ಇನ್ನೂ ತಯಾರಿಲ್ಲವಂತೆ! ನಮ್ಮ ಹುಡುಗರ ಹೆಸರು ಹೇಳಿ ನಮ್ಮ ಹುಡುಗಿಯರ ದಾರಿಗೆ ಅಡ್ಡ ನಿಂತ ಮಾತಿದು. ತೆಂಗಳಿ, ಚಿಂಚೋಳಿ ಕಡೆಯ ಎಷ್ಟೋ ಹುಡುಗರಿಗೆ ಅಕ್ಷರ ತಿದ್ದಿಸಿದವರು ಅಕ್ಕೋರೇ. ಗ್ರಾಮ ಪಂಚಾಯಿತಿಯಲ್ಲಿ ಅರ್ಧ ಸ್ಥಾನ ಹೆಣ್ಣುಮಕ್ಕಳದ್ದು. ಅದರಿಂದ ಯಾರ ಮಾನ ಹೋಯಿತು?

ಕೋರ್ಟು ತೆರೆಸಿದ್ದೂ ಅಧಿಕಾರಿಗಳ ಬಾಗಿಲನ್ನೇ. 2021ರಲ್ಲಿ ಎನ್‌ಡಿಎ ಪರೀಕ್ಷೆ ಹುಡುಗಿಯರಿಗೂ ಸಿಕ್ಕಿತು, ಸಂತೋಷ. ಆದರೆ ಭರ್ತಿಗೆ ಓಡಲು ಬರುವ ಬಡವರ ಮಗಳಿಗೆ ಭೂಸೇನೆಯಲ್ಲಿ ಸಿಪಾಯಿಯಾಗಲು ಇರುವುದು ಮಿಲಿಟರಿ ಪೊಲೀಸ್ ಒಂದೇ. ಬೆಂಗಳೂರಿನಲ್ಲಿ ತರಬೇತಾದ ಅದರ ಮೊದಲ ತಂಡದ 83 ಮಂದಿ 2021ರ ಮೇ ತಿಂಗಳಲ್ಲಿ ಹೊರಬಂದರು. ಕಾಲಾಳು ಪಡೆ ಮಾತ್ರ ಮುಚ್ಚಿಯೇ ಇದೆ.

ಹಿಂದೆಯೂ ಹೀಗೇ. ಚಾಲುಕ್ಯರ ಅಕ್ಕಾದೇವಿ ಗೋಕಾಗೆಯ ಕೋಟೆಗೆ ಮುತ್ತಿಗೆ ಹಾಕಿದಳು, ರಣಭೈರವಿ ಎನಿಸಿಕೊಂಡಳು. ಕಿತ್ತೂರು ಚೆನ್ನಮ್ಮ 1824ರ ಮೊದಲ ಕದನದಲ್ಲಿ ಕಂಪನಿಯನ್ನು ಸೋಲಿಸಿದಳು. ಅರಮನೆಯ ಹೆಣ್ಣಿಗೆ ಸೈನ್ಯವೇ ಸಿಕ್ಕಿತು. ಕೋಟೆಯ ಕಾವಲುಗಾರನ ಹೆಂಡತಿ ಓಬವ್ವನಿಗೆ ಸಿಕ್ಕಿದ್ದು ಒನಕೆ. ಇನ್ನು ಮೈಬಲದ ಮಾತೋ? ಶಹಾಬಾದಿನ ಗಣಿಗಳಲ್ಲಿ ಕಲ್ಲು ಹೊರುವ ಹೆಂಗಸರ ಎದುರು ನಿಂತು ಅದನ್ನು ಹೇಳಲಿ.

ವಿರೋಧ: ವಾಡಿಯ ಮಾಜಿ ಸೈನಿಕ

ಮೊದಲನೆಯದು, ಭಾರ. ಕಾಲಾಳು ಬಂದೂಕು, ಗುಂಡು, ನೀರು ಎಲ್ಲ ಹೊತ್ತು ದಿನಗಟ್ಟಲೆ ಬೆಟ್ಟ ಹತ್ತಬೇಕು. ಎರಡನೆಯದು, ಶತ್ರುವಿನ ಕೈಗೆ ಸಿಕ್ಕಿಬಿದ್ದರೆ ಹೆಣ್ಣಿಗೆ ಆಗುವ ಹಿಂಸೆ. ಮೂರನೆಯದು, ಹಿಮದ ಪೋಸ್ಟಿನಲ್ಲಿ ಒಂದೇ ಬಂಕರಿನೊಳಗೆ ಎಲ್ಲರ ವಾಸ. ಓಬವ್ವ ಹೋರಾಡಿದ್ದು ಶತ್ರು ಕೋಟೆಯೊಳಗೆ ನುಸುಳಿದ ಗಳಿಗೆಯಲ್ಲಿ. ಅದನ್ನೇ ಹಿಡಿದು ಕಾಯಂ ಪಡೆಗೆ ನಿಯಮ ಮಾಡಲಾಗದು.

1943ರಲ್ಲಿ ನೇತಾಜಿ ಝಾನ್ಸಿ ರಾಣಿ ರೆಜಿಮೆಂಟ್ ಕಟ್ಟಿದರು ಎನ್ನುತ್ತಾರೆ. ಹೌದು, ಬರ್ಮಾದಿಂದ ಹಿಂದಿರುಗುವಾಗ ಆ ಹೆಣ್ಣುಮಕ್ಕಳೂ ಕಾಡು ದಾಟಿ ನಡೆದರು. ಗಡಿ ಭದ್ರತಾ ಪಡೆಯಲ್ಲಿ ಇಂದು ಹೆಣ್ಣುಮಕ್ಕಳು ಗಡಿ ಕಾಯುತ್ತಿದ್ದಾರೆ, ಚೆನ್ನಾಗಿಯೇ ಕಾಯುತ್ತಿದ್ದಾರೆ. ಕಾಲಾಳಿನ ಕೆಲಸ ಬೇರೆ.

ಗಂಡಸರಿಗಿಟ್ಟ ಪರೀಕ್ಷೆಯನ್ನೇ ಹೆಣ್ಣುಮಗಳೊಬ್ಬಳು ಪಾಸು ಮಾಡಿ ಬಂದರೆ? ಅವಳನ್ನು ವಾಪಸ್ ಕಳಿಸಿ ಎಂದು ನನ್ನ ಬಾಯಲ್ಲಿ ಬರುವುದಿಲ್ಲ. ಆದರೆ ಯಾರಿಗಾಗಿಯೂ ಆ ಪರೀಕ್ಷೆ ಸಡಿಲವಾಗಕೂಡದು.